ಆಪರೇಷನ್‌ಗೆ ಮೊದಲು "ಮೆಣಸು ಕೊಯ್ಲು ಯಾವಾಗ ಮುಗಿಯುತ್ತೆ?" ಎಂದು ಕೇಳಿದ ಡಾಕ್ಟ್ರು

ಸಿದ್ದಾಪುರ_ರೈಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಬರೆಯುವುದು, ವಾರದ ಬಟವಾಡೆ ಮಾಡುವುದು, ಲೈನ್ ಮನೆಯಲ್ಲಿ (ತೋಟದ ಕೂಲಿಯವರು ಇರುವ ಸಾಲುಮನೆ) ಯಾರಿಗಾದರೂ ಹುಷಾರಿಲ್ಲ ಎಂದರೆ ರಾತ್ರಿ ಜೀಪು ಹುಡುಕುವುದು, ಎಲ್ಲ ನನ್ನ ಕೆಲಸವೇ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಕೆಲಸಗಾರರ ವಿಷಯ ಇದು. ಹೆಸರು ಬೇಡ, ಅಣ್ಣ ಎಂದೇ ಬರೆಯುತ್ತೇನೆ.

ಅಣ್ಣನಿಗೆ ಆರು ವರ್ಷದಿಂದ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಒಳಗಿನದು ಹೊರಗೆ ಉಬ್ಬುವುದು. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಇದ್ದ ಊತ ಬರ್ತಾ ಬರ್ತಾ ಕಿತ್ತಳೆಯಷ್ಟು ಆಗಿತ್ತು. ಹಳೇ ಪಂಚೆ ಹರಿದು, ಒಳಗೆ ಬಟ್ಟೆ ಮಡಿಸಿಟ್ಟು, ಸೊಂಟಕ್ಕೂ ತೊಡೆಗೂ ಬಿಗಿದು ಕಟ್ಟಿಕೊಂಡು ಐವತ್ತು ಕಿಲೋ ಚೀಲ ಹೊರುತ್ತಿದ್ದರು. ಆರು ವರ್ಷ! ದಿನಾ ಬೆಳಿಗ್ಗೆ ಅವರ ಹಾಜರಿ ಹಾಕುವ ನನಗೇ ಗೊತ್ತಿರಲಿಲ್ಲ. ಮೊದಲೊಮ್ಮೆ ಒಂದು ಆಸ್ಪತ್ರೆಗೆ ಹೋಗಿದ್ದರಂತೆ. "ಇಷ್ಟು ದಿನ ಏನ್ ಮಾಡ್ತಿದ್ದೆ?" ಎಂದು ಎಲ್ಲರ ಎದುರು ಬೈದರಂತೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈ ಸಲ ಫೆಬ್ರವರಿಯಲ್ಲಿ ಚೀಲ ಇಳಿಸುವಾಗ ಕುಸಿದು ಕೂತರು. ಒತ್ತಾಯ ಮಾಡಿ ನಮ್ಮ ಜಿಲ್ಲೆಯಲ್ಲೇ ಇರುವ ಬೇರೆ ಒಬ್ಬ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಅವರ ಹೆಸರೂ ಹಾಕುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ.

ಡಾಕ್ಟ್ರು ಅಣ್ಣನನ್ನು ನಿಲ್ಲಿಸಿ ಕೆಮ್ಮಿಸಿ ನೋಡಿದರು. ಮಲಗಿಸಿ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದ ಪ್ರಶ್ನೆಗಳು ನನಗೆ ಈಗಲೂ ಕಿವಿಯಲ್ಲಿವೆ. ಮನೆಯಲ್ಲಿ ಯಾರಿದ್ದಾರೆ? ಲೈನ್ ಮನೆಯಿಂದ ಕಕ್ಕಸು ಎಷ್ಟು ದೂರ, ಮೆಟ್ಟಿಲು ಇದೆಯಾ? ನೀರು ಯಾರು ತರುತ್ತಾರೆ? ಮೆಣಸು ಕೊಯ್ಲು ಯಾವಾಗ ಮುಗಿಯುತ್ತೆ?

ಕೊಯ್ಲಿನ ಸಮಯದಲ್ಲಿ ಎರಡು ಕಾಸು ಜಾಸ್ತಿ ಸಿಗುತ್ತೆ. ಅಣ್ಣ ಆಪರೇಷನ್ ಬೇಡ ಎನ್ನುತ್ತಿದ್ದದ್ದು ಅದಕ್ಕೇ ಎಂದು ಅವರಿಗೆ ಹೇಳದೆಯೇ ಗೊತ್ತಾಯಿತು. ಊತ ಮಲಗಿದಾಗ ಒಳಗೆ ಹೋಗುತ್ತಿತ್ತು, ಹಾಗಾಗಿ ಏಪ್ರಿಲ್‌ವರೆಗೆ ಕಾಯಬಹುದು, ಆದರೆ ಅಲ್ಲಿಯವರೆಗೆ ಒಂದು ಚೀಲವನ್ನೂ ಎತ್ತಬಾರದು ಎಂದರು. ಊತ ಒಳಗೆ ಹೋಗದೆ ಗಟ್ಟಿಯಾದರೆ, ಹೊಟ್ಟೆ ನೋವು ಬಂದು ವಾಂತಿ ಆದರೆ, ಮಧ್ಯರಾತ್ರಿಯಾದರೂ ಹೊರಟುಬಿಡಿ ಎಂದು ನನ್ನ ಕೈಯಲ್ಲೇ ಬರೆಸಿ, ತಮ್ಮ ನಂಬರ್ ಕೊಟ್ಟರು.

ಅಣ್ಣನಿಗೆ ಹೊಟ್ಟೆ ಕೊಯ್ಯುವುದು ಎಂದರೆ ಭಯ. ಡಾಕ್ಟ್ರು ಒಂದು ಹಳೇ ಬಿಲ್ಲಿನ ಹಿಂದೆ ಗೋಣಿಚೀಲದ ಚಿತ್ರ ಬರೆದರು. "ಚೀಲ ಒಂದು ಕಡೆ ಸವೆದು ಕಾಫಿ ಹೊರಗೆ ಬರ್ತಿದೆ ಅಂದ್ರೆ ನೀವೇನು ಮಾಡ್ತೀರಿ?" ಎಂದರು. "ತೇಪೆ ಹಾಕ್ತೀವಿ" ಎಂದರು ಅಣ್ಣ. "ಸುಮ್ನೆ ಬಾಯಿ ಎಳೆದು ಹೊಲಿದ್ರೆ?" "ಪಕ್ಕದಲ್ಲೇ ಮತ್ತೆ ಹರಿಯುತ್ತೆ ಸಾರ್." "ಅಷ್ಟೇ. ನಾನೂ ತೇಪೆ ಹಾಕ್ತೀನಿ." ಅಣ್ಣ ನಕ್ಕರು. ಆಸ್ಪತ್ರೆಯೊಳಗೆ ಅವರು ನಕ್ಕದ್ದು ಅದೇ ಮೊದಲು ಇರಬೇಕು.

ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು. ಎರಡನೇ ದಿನಕ್ಕೆ ಮನೆ. ಹೊರಡುವಾಗ ನಮ್ಮ ಓನರಿಗೆ ಒಂದು ಚೀಟಿ ಕೊಟ್ಟರು, ಅದನ್ನು ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ: "ಗಾಯ ಒಣಗುವ ತನಕ ವಿಶ್ರಾಂತಿ. ಆಮೇಲೆ ನರ್ಸರಿಯಲ್ಲೋ ಕಣದಲ್ಲೋ ಕೂತು ಮಾಡುವ ಕೆಲಸ ಕೊಡಿ. ಆರು ವಾರ ಭಾರ ಹೊರಿಸಬೇಡಿ. ದಯವಿಟ್ಟು ಇವರ ಕೂಲಿ ತಪ್ಪಿಸಬೇಡಿ."

ಬಡವರ ಸೇವೆ ಎಂದರೆ ಫೀಸು ಬಿಟ್ಟುಬಿಡುವುದು ಎಂದುಕೊಂಡಿದ್ದೆ ನಾನು. ಇವರು ಮಾಡಿದ್ದು ಅದಕ್ಕಿಂತ ದೊಡ್ಡದು ಅನ್ನಿಸುತ್ತಿದೆ. ನಿಮ್ಮೂರಿನಲ್ಲಿ ಇಂಥವರು ಇದ್ದಾರಾ? ಅನುಭವ ಇದ್ದವರು ಬರೆಯಿರಿ.

ಕುಶಾಲನಗರ_ಮೆಡಿಕಲ್

ರೈಟ್ರೇ, ಕಣ್ಣು ತುಂಬಿ ಬಂತು. ನಮ್ಮ ಅಂಗಡಿಗೆ ಹರ್ನಿಯಾ ಬೆಲ್ಟ್ ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಕೂಲಿಯವರೇ. ಬೆಲ್ಟ್ ಹಾಕಿದರೆ ವಾಸಿಯಾಗುವುದಿಲ್ಲ ಎಂದು ಹೇಳಿದರೂ "ಈ ಕೊಯ್ಲು ಮುಗೀಲಿ ಅಣ್ಣ" ಎನ್ನುತ್ತಾರೆ. ಒಳಗೆ ಕರುಳು ಸಿಕ್ಕಿಕೊಂಡು ರಕ್ತ ಓಡುವುದು ನಿಂತರೆ ಗಂಟೆಗಳ ಲೆಕ್ಕ ಅಷ್ಟೇ. ನೀವು ಬರೆದ ಲಕ್ಷಣ (ಒಳಗೆ ಹೋಗದ ಗಟ್ಟಿ ಊತ, ನೋವು, ವಾಂತಿ) ದಯವಿಟ್ಟು ಎಲ್ಲರೂ ತಮ್ಮ ತೋಟದ ವಾಟ್ಸಾಪ್ ಗುಂಪಿಗೆ ಹಾಕಿ.

ತಿತಿಮತಿ_ಹಾಡಿ

ನಾನು ಇಲ್ಲಿ ಯಾವಾಗಲೂ ಓದುತ್ತೇನೆ, ಬರೆಯುವುದು ಇದೇ ಮೊದಲು. ನಾವು ಯರವ ಬುಡಕಟ್ಟಿನವರು, ಹಾಡಿ ಎಂದರೆ ನಮ್ಮಂಥವರ ಕೇರಿ. ಅಮ್ಮ ತೋಟದ ಕೆಲಸ ಮಾಡಿ ನನ್ನನ್ನು ಓದಿಸಿದರು.

ಅಮ್ಮನಿಗೆ ಗರ್ಭಕೋಶ ಕೆಳಗೆ ಜಾರಿತ್ತು. ನನ್ನ ತಮ್ಮ ಹುಟ್ಟಿದ ಹದಿನೈದನೇ ದಿನಕ್ಕೆ ಸೌದೆ ಹೊತ್ತಿದ್ದರು, ಅಲ್ಲಿಂದ ಶುರು. ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ನಾನು ಪಿಯುಸಿ ಓದುವಾಗ, ಅದೂ ಅವರು ಒಗೆದು ಮರೆಯಲ್ಲಿ ಒಣಹಾಕಿದ ಬಟ್ಟೆ ನೋಡಿ. ಕೂರಲು ಆಗದೆ ಒಂದು ಪಕ್ಕಕ್ಕೆ ವಾಲಿಕೊಂಡು ಕಾಫಿ ಹೆಕ್ಕುತ್ತಿದ್ದರು. ನಾನು ಸೊಂಟ ನೋವು ಎಂದುಕೊಂಡಿದ್ದೆ.

ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರಕ್ತ ಬೇಕಾಗುತ್ತೆ ಎಂದು ಯಾರೋ ಹೇಳಿದ್ದು ಕೇಳಿ ಅಮ್ಮ ಹಿಂದಿನ ಬಾಗಿಲಿಂದ ಹೊರಟೇ ಹೋದರು. ತಮ್ಮ ರಕ್ತ ತೆಗೆಯುತ್ತಾರೆ ಎಂದುಕೊಂಡಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಎರಡನೇ ಸಲ ಒಬ್ಬ ಲೇಡಿ ಡಾಕ್ಟ್ರು. ಅವರು ಅಮ್ಮನನ್ನು ಟೇಬಲ್ ಮೇಲೆ ಹತ್ತಿಸುವ ಮೊದಲು ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲೇ ಕೂತು ಮಾತಾಡಿದರು. ಅಮ್ಮನ ಪಾದದ ಬಿರುಕು ನೋಡಿ "ಇದಕ್ಕೂ ಮುಲಾಮು ಕೊಡ್ತೀನಿ" ಎಂದು ಕೈಯಲ್ಲಿ ಕಾಲು ಹಿಡಿದು ನೋಡಿದರು. ಆಪರೇಷನ್ ಆಗಿ ಎಷ್ಟೋ ದಿನವಾದ ಮೇಲೂ ಅಮ್ಮ ಹಾಡಿಯಲ್ಲಿ ಹೇಳುತ್ತಿದ್ದದ್ದು ಆಪರೇಷನ್ ವಿಷಯವಲ್ಲ. "ಆಯಮ್ಮ ನನ್ನ ಕಾಲು ಮುಟ್ಟಿದ್ರು" ಅಂತ.

ಆಮೇಲೆ ನಮ್ಮ ಹಾಡಿಯಿಂದ ಇನ್ನೂ ಮೂರು ಜನ ಹೆಂಗಸರು ತಾವಾಗಿಯೇ ಹೋದರು.

ಓಟಿ_ಸಿಸ್ಟರ್

ತಂಗಿ, ನೀನು ಬರೆದದ್ದು ಒಳ್ಳೆಯದಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಾನು 22 ವರ್ಷದಿಂದ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೊಡಗಿನ ಸರ್ಜರಿ ಎಂದರೆ ಏನು ಎಂದು ಹೊರಗಿನವರಿಗೆ ಗೊತ್ತಿಲ್ಲ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಕೊಂಬೆ ಸಮೇತ ಬಿದ್ದವರು, ಆನೆ ತಳ್ಳಿ ಪಕ್ಕೆಲುಬು ಮುರಿದವರು, ಕತ್ತಿ ಏಟು, ಹಾವು ಕಚ್ಚಿ ಕೊಳೆತ ಬೆರಳು. ಎಲ್ಲರೂ ಮಳೆಯಲ್ಲಿ ನೆನೆದು, ಕೆಸರಲ್ಲಿ ಮುಳುಗಿ ಬಂದಿರುತ್ತಾರೆ. ಮೊದಲು ಅರ್ಧ ಗಂಟೆ ತೊಳೆಯುವುದೇ ಕೆಲಸ.

ಹಾಡಿಯ ಜನರ ವಿಷಯದಲ್ಲಿ ಒಂದು ಮಾತು. ಅವರಲ್ಲಿ ಕೆಲವರಿಗೆ ಸಿಕಲ್ ಸೆಲ್ ಎಂಬ ರಕ್ತದ ತೊಂದರೆ ಇರುತ್ತೆ, ಹುಟ್ಟಿನಿಂದಲೇ. ರಕ್ತಕಣ ಕುಡುಗೋಲಿನ ಹಾಗೆ ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ಚಳಿಯಾದರೆ, ನೀರು ಕಡಿಮೆಯಾದರೆ, ಆಮ್ಲಜನಕ ಇಳಿದರೆ ಜಾಸ್ತಿ ಆಗುತ್ತೆ. ಆಪರೇಷನ್ ಟೇಬಲ್ ಮೇಲೆ ಈ ಮೂರೂ ಆಗಬಹುದು. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಸರ್ಜನ್ ಅದಕ್ಕೂ ಎಷ್ಟೋ ಮೊದಲಿನಿಂದ ಹಾಡಿಯಿಂದ ಬಂದ ಪ್ರತಿಯೊಬ್ಬರಿಗೂ ಆ ಪರೀಕ್ಷೆ ಮಾಡಿಸದೆ ಕತ್ತಿ ಹಿಡಿಯುತ್ತಿರಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಥಿಯೇಟರ್ ಐಸ್ ಪೆಟ್ಟಿಗೆಯ ಹಾಗೆ ಇರುತ್ತೆ. ಅವರು ಬೆಳಿಗ್ಗೆ ಆರಕ್ಕೇ ಬಂದು ಹೀಟರ್ ಹಾಕಿ, ಡ್ರಿಪ್ ಬಾಟಲಿಗಳನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟು, ತಮ್ಮ ಮುಂಗೈಗೆ ಒತ್ತಿ ನೋಡುತ್ತಿದ್ದರು, ಮಗುವಿನ ಹಾಲು ನೋಡುವ ಹಾಗೆ. ಕಂಬಳಿ ಸಾಲದಿದ್ದಾಗ ಮನೆಯಿಂದ ತಂದದ್ದೂ ಇದೆ.

ಇನ್ನೊಂದು. ಹೊಗಳಿಕೆಯೆಲ್ಲ ಸರ್ಜನ್‌ಗೆ ಹೋಗುತ್ತೆ, ಅವರಿಗೆ ಸಲ್ಲಬೇಕಾದದ್ದೇ. ಆದರೆ ಅರಿವಳಿಕೆ ಡಾಕ್ಟ್ರು ಇಲ್ಲದೆ, ರಕ್ತ ಇಲ್ಲದೆ, ಉಪಕರಣ ಬೇಯಿಸುವ ಹುಡುಗ ಇಲ್ಲದೆ ಎಂಥ ದೊಡ್ಡ ಮನಸ್ಸಿನ ಸರ್ಜನ್ ಆದರೂ ಕೈಕಟ್ಟಿ ಕೂರಬೇಕು. ರೋಗಿಯನ್ನು ಮೈಸೂರಿಗೆ ಕಳುಹಿಸುವ ಚೀಟಿ ಬರೆಯುವಾಗ ನಮ್ಮ ಸರ್ಜನ್ ಮುಖ ನೋಡಲು ಆಗುತ್ತಿರಲಿಲ್ಲ.

ಸೋಮವಾರಪೇಟೆ_ಮೇಷ್ಟ್ರು

ಸಿಸ್ಟರ್ ಬರೆದದ್ದನ್ನು ಎರಡು ಸಲ ಓದಿದೆ.

ನಮ್ಮ ಕಾಲದವರಿಗೆ ಬಡವರ ಸರ್ಜನ್ ಎಂದ ಕೂಡಲೇ ನೆನಪಾಗುವುದು ಡಾ. ಎಂ.ಸಿ. ಮೋದಿಯವರು. ಬಾಗಲಕೋಟೆ ಕಡೆಯ ಬೀಳಗಿಯವರು. ಊರೂರಿಗೆ ಹೋಗಿ ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತ್ತು. 1968ರಲ್ಲಿ ಪದ್ಮಭೂಷಣ ಬಂತು. ಕಣ್ಣು ಕಾಣದೆ ಮೂಲೆ ಹಿಡಿದಿದ್ದ ಅಜ್ಜಿ ಮತ್ತೆ ಅಕ್ಕಿ ಆರಿಸಿದರೆ ಆ ಮನೆಗೆ ಎಷ್ಟು ಬಲ ಬಂತು ಎಂದು ಲೆಕ್ಕ ಹಾಕಿ ನೋಡಿ.

ಇನ್ನೊಬ್ಬರು ಮಧುರೈನ ಡಾ. ಜಿ. ವೆಂಕಟಸ್ವಾಮಿ. ಮೊದಲು ಹೆರಿಗೆ ಡಾಕ್ಟ್ರು ಆಗಬೇಕೆಂದಿದ್ದವರು. ಚಿಕ್ಕ ವಯಸ್ಸಿಗೇ ಕೀಲುವಾತ ಬಂದು ಬೆರಳೆಲ್ಲ ಸೊಟ್ಟಗಾದವು. ಆ ಸೊಟ್ಟ ಬೆರಳಿನಲ್ಲೇ ಕತ್ತಿ ಹಿಡಿಯುವುದನ್ನು ಹೊಸದಾಗಿ ಕಲಿತು ಕಣ್ಣಿನ ಸರ್ಜನ್ ಆದರು. ಲಕ್ಷಕ್ಕೂ ಜಾಸ್ತಿ ಆಪರೇಷನ್ ಮಾಡಿದರು. ಸರ್ಕಾರಿ ಕೆಲಸದಿಂದ ನಿವೃತ್ತಿಯಾದ ಮೇಲೆ, 1976ರಲ್ಲಿ, 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದರು. ದುಡ್ಡಿದ್ದವರು ಕೊಡಲಿ, ಇಲ್ಲದವರಿಗೆ ಬಿಟ್ಟಿ, ಆಪರೇಷನ್ ಮಾತ್ರ ಇಬ್ಬರಿಗೂ ಒಂದೇ. ಕಣ್ಣೊಳಗೆ ಹಾಕುವ ಲೆನ್ಸ್ ಹೊರದೇಶದಿಂದ ತರಿಸಿದರೆ ಬಡವರ ಕೈಗೆ ಎಟುಕುವುದಿಲ್ಲ ಎಂದು 1992ರಿಂದ ತಾವೇ ತಯಾರಿಸಲು ಶುರು ಮಾಡಿದರು.

ನನಗಂತೂ ಆ ಸೊಟ್ಟ ಬೆರಳಿನ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

ಪೊನ್ನಂಪೇಟೆ_ತೋಟ

ಎಲ್ಲ ಒಪ್ಪಿದೆ. ಆದರೆ ನನಗೆ ಸ್ವಲ್ಪ ಬೇಜಾರೂ ಇದೆ, ನೇರವಾಗಿ ಹೇಳುತ್ತೇನೆ, ಮೇಷ್ಟ್ರು ತಪ್ಪು ತಿಳಿಯಬಾರದು.

ಒಬ್ಬ ಒಳ್ಳೆಯ ಡಾಕ್ಟ್ರು ಸಿಕ್ಕರೆ ಬದುಕಿದೆವು, ಸಿಗದಿದ್ದರೆ ಇಲ್ಲ ಎಂಬ ಹಾಗೆ ಒಂದು ಇಡೀ ಜಿಲ್ಲೆ ಇರಬಾರದು. ನನ್ನ ಚಿಕ್ಕಪ್ಪ ಬೈಕ್ ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವ ಆಗಿ ಮೈಸೂರಿಗೆ ಹೋಗುವ ದಾರಿಯಲ್ಲಿ, ಹುಣಸೂರು ದಾಟುವ ಮೊದಲೇ ತೀರಿಕೊಂಡರು. ಆಂಬುಲೆನ್ಸ್‌ನಲ್ಲಿ ನಾನೇ ಇದ್ದೆ, ಅವರ ಕೈ ಹಿಡಿದುಕೊಂಡಿದ್ದೆ. ಕೈ ತಣ್ಣಗಾಗಿದ್ದು ಗೊತ್ತಾದರೂ ಡ್ರೈವರ್‌ಗೆ ಹೇಳಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜಿಲ್ಲೆಯ ಅಂಚಿನ ಕರಿಕೆಯಿಂದಲೋ ಕುಟ್ಟದಿಂದಲೋ ಹೊರಡುವವರ ಗತಿ ಯೋಚಿಸಿ. 2019ರ ಜೂನ್‌ನಲ್ಲಿ ನಾವೆಲ್ಲ ಸೇರಿ ಟ್ವಿಟರ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ಕೂಗಿದ್ದು ಇದಕ್ಕೇ.

2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿಯೊಂದು ಬಂತು. ಜಗತ್ತಿನಲ್ಲಿ 500 ಕೋಟಿ ಜನಕ್ಕೆ ಬೇಕಾದಾಗ ಸುರಕ್ಷಿತ ಆಪರೇಷನ್ ಸಿಗುವುದಿಲ್ಲ ಎಂದು ಅದರಲ್ಲಿದೆ. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಷನ್, ಚರ್ಮ ಹರಿದು ಹೊರಬಂದ ಮೂಳೆ ಮುರಿತದ ಚಿಕಿತ್ಸೆ, ಈ ಮೂರು ಎರಡು ಗಂಟೆಯೊಳಗೆ ಸಿಗುವ ಹಾಗಿರಬೇಕು ಎಂದು ಅಳತೆ ಇಟ್ಟಿದ್ದಾರೆ. ಜುಲೈ ಮಳೆಯಲ್ಲಿ ರಸ್ತೆಗೆ ಮರ ಬಿದ್ದ ದಿನ ನಮ್ಮ ಎಷ್ಟು ಊರು ಈ ಅಳತೆಗೆ ಸಿಗುತ್ತವೆ ಹೇಳಿ?

ಇನ್ನು ಶಿಬಿರ. ಮೋದಿಯವರ ಕಾಲ ಬೇರೆ. ಈಗ ಕಣ್ಣಿನ ತಪಾಸಣೆ ಮಾತ್ರ ಊರಲ್ಲಿ, ಆಪರೇಷನ್ ಆಸ್ಪತ್ರೆಯಲ್ಲೇ ಆಗಬೇಕು ಎಂಬ ಪದ್ಧತಿ ಬಂದಿದೆ, ಸೋಂಕಿನ ಭಯಕ್ಕೆ. ಅದು ಸರಿಯೇ. ಆಪರೇಷನ್ ಮಾಡಿ ಮಾರನೇ ದಿನ ಗಾಡಿ ಹತ್ತಿ ಹೋದರೆ, ಕೀವು ಬಂದಾಗ ಬಡವರು ಯಾರನ್ನು ಕೇಳಬೇಕು?

ಸೋಮವಾರಪೇಟೆ_ಮೇಷ್ಟ್ರು

ತಪ್ಪು ತಿಳಿಯುವುದು ಯಾಕೆ, ನಿಮ್ಮ ಮಾತು ಸತ್ಯ. ಚಿಕ್ಕಪ್ಪನವರ ವಿಷಯ ಓದಿ ತುಂಬಾ ಸಂಕಟವಾಯಿತು.

ಮಡಿಕೇರಿ_ಮೆಡಿಕೋ

ನಾನು ಎಂಬಿಬಿಎಸ್ ಕೊನೆಯ ವರ್ಷ. ಮಡಿಕೇರಿಯಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಕಾರಣಕ್ಕೇ ನನ್ನಂಥವರು ಮನೆಯ ಹತ್ತಿರ ಓದುತ್ತಿದ್ದೇವೆ. ನನಗೆ ಸರ್ಜರಿ ಮಾಡುವ ಆಸೆ, ಹಳ್ಳಿಯಲ್ಲಿ ಇರುವ ಆಸೆ. ಜೊತೆಯವರು ಹುಚ್ಚು ಎನ್ನುತ್ತಾರೆ. ಈ ಚರ್ಚೆ ಓದಿ ಧೈರ್ಯ ಬಂತು.

ರೈಟರ್ ಅಂಕಲ್ ಬರೆದ ತೇಪೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ಆ ತೇಪೆಗೆ ಮೆಶ್ ಎನ್ನುತ್ತಾರೆ, ಸಣ್ಣ ಬಲೆಯ ಹಾಗಿರುತ್ತೆ. ಕಂಪನಿಯ ಮೆಶ್ ದುಬಾರಿ. ಮಹಾರಾಷ್ಟ್ರದ ದೊಂಡಾಯಿಚ ಎಂಬ ಸಣ್ಣ ಊರಿನ ಸರ್ಜನ್ ಡಾ. ರವೀಂದ್ರನಾಥ ಟೊಂಗಾಂವ್ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ತೊಳೆದು, ಕತ್ತರಿಸಿ, ಸರಿಯಾದ ಕ್ರಮದಲ್ಲಿ ಕ್ರಿಮಿಶುದ್ಧ ಮಾಡಿ ಬಳಸಿದರು. ಬಡವರಿಗೆ ಸಿಗಲಿ ಎಂಬ ಒಂದೇ ಹಠ. ಬೇರೆಯವರು ಅನುಮಾನಪಟ್ಟರು, ಸಹಜ. ಆಮೇಲೆ ಉಗಾಂಡದಲ್ಲಿ 302 ಗಂಡಸರ ಮೇಲೆ ಅಂಥ ಅಗ್ಗದ ಮೆಶ್ ಮತ್ತು ಕಂಪನಿ ಮೆಶ್ ಎರಡನ್ನೂ ಹೋಲಿಸಿ ನೋಡಿದರು. ವರದಿ ಬಂದದ್ದು 2016ರಲ್ಲಿ. ಒಂದು ವರ್ಷದ ನಂತರ ಅಗ್ಗದ ಮೆಶ್ ಹಾಕಿದವರಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಮರಳಿತ್ತು, ಕಂಪನಿ ಮೆಶ್‌ನವರಲ್ಲಿ ಯಾರಿಗೂ ಇಲ್ಲ. ಅಂದರೆ ಹೆಚ್ಚುಕಡಿಮೆ ಸಮ. ಹಳ್ಳಿಯ ಸರ್ಜನ್‌ಗಳೇ ಸೇರಿಕೊಂಡು ಮಾಡಿದ ಒಂದು ಸಂಘವೂ ಇದೆ, ಇಂಥ ಉಪಾಯಗಳನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಸಣ್ಣ ಊರಲ್ಲಿ ಒಬ್ಬಳೇ ಸರ್ಜನ್ ಆಗಿ, ರಾತ್ರಿ ಎರಡು ಗಂಟೆಗೆ ಒಂದು ಕೇಸ್ ಕೈಮೀರಿದರೆ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ರೋಗಿ ಉಳಿಯದಿದ್ದರೆ ಹೊರಗೆ ನಿಂತ ಜನ ನನ್ನನ್ನು ಹೇಗೆ ನೋಡುತ್ತಾರೆ?

ಓಟಿ_ಸಿಸ್ಟರ್

ಮಗಳೇ, ಮೇಲೆ ಬರೆದ ಸರ್ಜನ್ ಕೈಯಲ್ಲೂ ರೋಗಿಗಳು ಹೋಗಿದ್ದಾರೆ. ಅವತ್ತು ಅವರು ಹಿಂದಿನ ಬಾಗಿಲಿಂದ ಹೋಗುತ್ತಿರಲಿಲ್ಲ. ಮಾಸ್ಕ್ ತೆಗೆದು, ಹೊರಗೆ ಬಂದು, ಮನೆಯವರ ಎದುರು ಕೂತು, ಏನಾಯಿತು ಎಂದು ಮೊದಲಿನಿಂದ ಹೇಳುತ್ತಿದ್ದರು. ಹೆಣ ಸಾಗಿಸಲು ಗಾಡಿ ಆಗುವ ತನಕ ಮನೆಗೆ ಹೋಗುತ್ತಿರಲಿಲ್ಲ. ಒಮ್ಮೆ ತೀರಿಹೋದವರ ಅಣ್ಣನೇ ಅವರಿಗೆ ಕಾಫಿ ತಂದುಕೊಟ್ಟದ್ದನ್ನು ನಾನು ನೋಡಿದ್ದೇನೆ. ಎಲ್ಲ ಕಡೆ ಹಾಗೇ ಆಗುತ್ತೆ ಎಂದು ನಾನು ಹೇಳುವುದಿಲ್ಲ. ನಿನ್ನ ಭಯ ಸುಳ್ಳಲ್ಲ. ಆದರೆ ನೀನು ಬಾ. ಥಿಯೇಟರ್‌ನಲ್ಲಿ ನಮ್ಮಂಥವರು ಇರುತ್ತೇವೆ.

ಕುಶಾಲನಗರ_ಮೆಡಿಕಲ್

ಓದುವವರಿಗೆ ಉಪಯೋಗ ಆಗಲಿ ಎಂದು: ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರ್ ಮಾಡಿಸಿಕೊಳ್ಳಬೇಕು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ. ಸಮಸ್ಯೆ ಎಂದರೆ ಲೈನ್ ಮನೆಯಲ್ಲಿ ಇರುವ ಎಷ್ಟೋ ಜನಕ್ಕೆ ರೇಷನ್ ಕಾರ್ಡೇ ಇಲ್ಲ, ಅಥವಾ ಬೇರೆ ಊರಿನ ವಿಳಾಸದಲ್ಲಿದೆ.

ಪೊನ್ನಂಪೇಟೆ_ತೋಟ

ಅದು ನಿಜ. ಇಲ್ಲಿ ನಾವು ತೋಟದವರೂ ನಮ್ಮ ಪಾಲು ಒಪ್ಪಿಕೊಳ್ಳಬೇಕು. ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ತೋಟದ ಮಾಲೀಕರು ಕೊಡಬೇಕು ಎಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲೇ ಬರೆದಿದ್ದರು. ಸಣ್ಣ ತೋಟಗಳು ಅದರೊಳಗೆ ಬರುತ್ತಿರಲಿಲ್ಲ, ಗೊತ್ತು. ಆದರೆ ಕಾಯ್ದೆಗೆ ಸೇರದಿದ್ದರೆ ಏನಂತೆ, ನಮ್ಮ ಚೀಲ ಹೊತ್ತೇ ತಾನೇ ಅವರಿಗೆ ಹರ್ನಿಯಾ ಬಂದದ್ದು? ರೈಟ್ರೇ, ಆ ಚೀಟಿ ನೋಡಿ ನಿಮ್ಮ ಓನರ್ ಏನು ಹೇಳಿದರು?

ಸಿದ್ದಾಪುರ_ರೈಟರ್

ಎಲ್ಲರ ಬರಹ ಒಂದೂ ಬಿಡದೆ ಓದಿದೆ. ತಿತಿಮತಿಯ ತಂಗಿ ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ನಿನ್ನೆಯಿಂದ ಲೈನ್ ಮನೆಯ ಹೆಂಗಸರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಲು ಶುರು ಮಾಡಿದ್ದಾಳೆ. ನಾನು ಕೇಳಿದರೆ ಯಾರೂ ಹೇಳುವುದಿಲ್ಲ, ಅವಳಿಗೆ ಹೇಳುತ್ತಾರೆ.

ಓನರ್ ಚೀಟಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ವಿಶ್ರಾಂತಿಯ ದಿನಗಳಿಗೂ ಹಾಜರಿ ಹಾಕು ಎಂದರು. ಆರು ವಾರ ಅಣ್ಣ ನರ್ಸರಿಯಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬಿದರು. ಇನ್ನು ಮೇಲೆ ಚೀಲಕ್ಕೆ ನಲವತ್ತು ಕಿಲೋ ದಾಟಿಸಬಾರದು ಎಂದು ನಾನು ಕೇಳಿದ್ದೇನೆ, ನೋಡೋಣ ಎಂದಿದ್ದಾರೆ. ಬಿಡುವುದಿಲ್ಲ, ಮತ್ತೆ ಕೇಳುತ್ತೇನೆ.

ಅಣ್ಣ ಈಗ ಆರಾಮಾಗಿದ್ದಾರೆ. ಮೊನ್ನೆ ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುತ್ತಿದ್ದರು. ಕಟ್ಟಲು ಬಳಸುತ್ತಿದ್ದ ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಹತ್ತಿರ ಹೋದೆ. ಸೊಂಟಕ್ಕೆ ಬಿಗಿಯುತ್ತಿದ್ದ ಅದೇ ಪಂಚೆ ತುಂಡು, ಉದ್ದುದ್ದ ಸೀಳಿದ್ದರು.

ತಿತಿಮತಿ_ಹಾಡಿ

ರೈಟರಣ್ಣ, ನಮ್ಮ ಹಾಡಿಯಲ್ಲಿ ಒಬ್ಬ ತಾತನಿಗೆ ಹಾಗೇ ಊತ ಇದೆ. ನಿಮ್ಮ ಅಣ್ಣನ ಗೋಣಿಚೀಲದ ಕಥೆ ಹೇಳಿದೆ. ಹೋಗೋಣ ಎಂದಿದ್ದಾರೆ. ಆ ಡಾಕ್ಟ್ರು ಯಾವ ದಿನ ನೋಡುತ್ತಾರೆ?

ಸಿದ್ದಾಪುರ_ರೈಟರ್

ತಂಗಿ, ನಂಬರ್ ಮತ್ತು ವಿಳಾಸ ನಿನಗೆ ಮೆಸೇಜ್ ಮಾಡಿದ್ದೇನೆ. ಬುಧವಾರ ಬೆಳಿಗ್ಗೆ ನಮ್ಮ ತೋಟದಿಂದ ಜೀಪು ಹೋಗುತ್ತೆ, ಇಬ್ಬರು ಹೆಂಗಸರು ಬರುತ್ತಿದ್ದಾರೆ. ಎರಡು ಸೀಟು ಖಾಲಿ ಇದೆ. ತಾತನಿಗೆ ಬೆಳಿಗ್ಗೆ ಗಂಜಿ ಕುಡಿಸಿಯೇ ಕರೆದುಕೊಂಡು ಬಾ, ಅವತ್ತು ಬರೀ ತೋರಿಸುವುದಷ್ಟೇ. ಏಳೂವರೆಗೆ ಗೋಣಿಕೊಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ನಿಂತಿರಿ, ಅಲ್ಲಿಗೇ ಬಂದು ಹತ್ತಿಸಿಕೊಳ್ಳುತ್ತೇನೆ.